ಮೈಕಿನಲ್ಲಿ ಹೇಳಿದ ಪಥ್ಯ

ವೇಲಾಯುಧನ್ ವೈದ್ಯರ ಹೆಂಡತಿ ದಾಕ್ಷಾಯಣಿ ಗಂಡನ ಭಾಷಣಕ್ಕೆ ಹೋದದ್ದು ಕುರ್ಚಿ ತುಂಬಿಸಲಿಕ್ಕೆ.

ಮಳೆ ಸುರಿಯುವ ಕರ್ಕಾಟಕ ಮಾಸ ಬಂತೆಂದರೆ ನಮ್ಮೂರು ಕೊಳತ್ತಾಣಿಯಲ್ಲಿ ಮನೆಮನೆಯಲ್ಲೂ ಔಷಧದ ಗಂಜಿ ಬೇಯುತ್ತದೆ. ಎಣ್ಣೆ ತಿಕ್ಕುವವರು ಕೈಗೇ ಸಿಗುವುದಿಲ್ಲ. ಆ ಹುಮ್ಮಸ್ಸಿನಲ್ಲಿ ಉದಯ ವಾಚನಶಾಲೆಯ ಕಾರ್ಯದರ್ಶಿ ಸುರೇಂದ್ರನ್ ಮೇಷ್ಟ್ರು ತಿಂಗಳ ಭಾನುವಾರಗಳಿಗೆಲ್ಲ ಒಂದೊಂದು ಭಾಷಣ ಇಟ್ಟರು. ‘ಆಯುರ್ವೇದ: ಹೊಸಬರಿಗೊಂದು ಪರಿಚಯ’ ಎಂದು ಬಟ್ಟೆಯ ಮೇಲೆ ಬರೆಸಿ ಬಸ್ ನಿಲ್ದಾಣದ ಎದುರು ಕಟ್ಟಿಸಿದರು. ತೊಂದರೆಯೆಂದರೆ, ತಾನು ಆಯುರ್ವೇದಕ್ಕೆ ಹೊಸಬನೆಂದು ಒಪ್ಪುವವನು ನಮ್ಮೂರಲ್ಲಿ ಒಬ್ಬನೂ ಇಲ್ಲ. ಮೀನು ಮಾರುವವನೂ ಒಂದು ಕಷಾಯ ಹೇಳಿಯೇ ಮೀನು ತೂಗುತ್ತಾನೆ. ಮೊದಲ ಭಾನುವಾರ ಸಂಜೆ ನೋಡಿದರೆ ಕುರ್ಚಿಗಳೆಲ್ಲ ಖಾಲಿ. ಮೂಲೆಯಲ್ಲಿ ಕೇರಂ ಆಡುವವರಿದ್ದರು, ಅವರೂ ವೇದಿಕೆಗೆ ಬೆನ್ನು ಹಾಕಿ ಕೂತಿದ್ದರು.

ಮೇಷ್ಟ್ರು ಕೊಡೆ ಹಿಡಿದು ವೈದ್ಯರ ಮನೆಗೆ ಓಡಿದರು.

“ದಾಕ್ಷಾಯಣಿ ಚೇಚೀ, ಬೇಗ ಉಟ್ಟ ಮುಂಡು ಬದಲಿಸಿ ಬನ್ನಿ. ಸೊಸೆ, ಮೊಮ್ಮಗಳು ಎಲ್ಲರನ್ನೂ ಕರ್ಕೊಂಡು ಬನ್ನಿ. ಮಾನ ಉಳಿಸ್ಬೇಕು.”

“ಅಲ್ಲಿ ಬಂದು ನಾನೇನು ಮಾಡ್ಲಿ ಮೇಷ್ಟ್ರೇ? ನನಗೇನು ಅರ್ಥ ಆಗತ್ತೆ?”

“ಅರ್ಥ ಆಗೋದೇನೂ ಬೇಡ. ಕೂತ್ಕೊಂಡ್ರೆ ಸಾಕು.”

ದಾಕ್ಷಾಯಣಿ ಆ ಮನೆಗೆ ಮದುವೆಯಾಗಿ ಬಂದಂದಿನಿಂದ ಬೇರು ಜಜ್ಜಿದ್ದಳು, ಎಲೆ ಅರೆದಿದ್ದಳು, ಹಂಡೆಗಟ್ಟಲೆ ಕಷಾಯ ಕಾಯಿಸಿದ್ದಳು. ಯಾವುದು ಯಾವ ಪಾತ್ರೆಗೆ ಎಂಬುದು ಕೈಗೆ ಗೊತ್ತಿತ್ತು, ಯಾಕೆ ಎಂಬುದು ಗೊತ್ತಿರಲಿಲ್ಲ. ಹೊಸತರಲ್ಲಿ ಒಮ್ಮೆ ಕೇಳಿದ್ದಳು. “ಅದೆಲ್ಲ ನಿನಗ್ಯಾಕೆ, ತಳ ಹಿಡಿಯದ ಹಾಗೆ ನೋಡ್ಕೋ” ಎಂದಿದ್ದರು ವೈದ್ಯರು. ಆಮೇಲೆ ಕೇಳಿರಲಿಲ್ಲ.

ಅಂದು ಅವಳು ಸೊಸೆ ಷೈಜಳನ್ನೂ ಮೊಮ್ಮಗಳು ಅನಘಳನ್ನೂ ಎರಡು ಪಕ್ಕಕ್ಕೆ ಕೂರಿಸಿಕೊಂಡು ಮೂರನೇ ಸಾಲಿನಲ್ಲಿ ಕೂತಳು. ವೈದ್ಯರು ಮಾತುಗಾರರು. ಧ್ವನಿಯೂ ಚೆನ್ನಾಗಿತ್ತು, ಮೈಕೂ ಹೊಸದು. ವಾತ, ಪಿತ್ತ, ಕಫ ಎಂಬ ಮೂರು ಹದ ತಪ್ಪದ ಹಾಗೆ ಇಟ್ಟುಕೊಂಡರೆ ಆರೋಗ್ಯ, ತಪ್ಪಿದರೆ ರೋಗ ಎಂದರು. ಹೊಟ್ಟೆಯೊಳಗೆ ಒಂದು ಬೆಂಕಿಯಿದೆ, ಅದನ್ನು ಆರಿಸಲೂಬಾರದು, ಅದಕ್ಕೆ ಹೊರೆ ಹೇರಲೂಬಾರದು ಎಂದರು. ಸೂರ್ಯ ಹುಟ್ಟುವ ಮೊದಲೇ ಏಳಬೇಕು, ಮೈಗೆ ಎಣ್ಣೆ ಹಚ್ಚಬೇಕು, ಹಿಂದಿನ ಊಟ ಅರಗಿದ ಮೇಲೇ ಮುಂದಿನ ಊಟ. ಹಗಲು ನಿದ್ರೆ ಕಫ. ರಾತ್ರಿ ಮೊಸರು ವಿಷ. ಹಾಲಿನ ಜೊತೆ ಮೀನು ಕೂಡದು, ಬಾಳೆಹಣ್ಣೂ ಕೂಡದು. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಉಳಿದ ಕಾಲು ಗಾಳಿಯಾಡಲಿಕ್ಕೆ.

ದಾಕ್ಷಾಯಣಿ ಕಣ್ಣು ಮಿಟುಕಿಸದೆ ಕೇಳಿದಳು. ಮನೆಗೆ ನಡೆಯುವಾಗ ಬೆರಳು ಮಡಚಿ ಒಂದೊಂದನ್ನೇ ಎಣಿಸಿಕೊಂಡಳು. ತಮ್ಮ ಭಾಷಣ ಹೆಂಡತಿಗೂ ಹಿಡಿಸಿತೆಂದು ವೈದ್ಯರು ಒಳಗೊಳಗೇ ಹಿಗ್ಗಿದರು.

ರಾತ್ರಿ ಊಟಕ್ಕೆ ಕೂತರು. ಅನ್ನ ಬಂತು, ಹುಳಿ ಬಂತು, ಪಲ್ಯ ಬಂತು.

“ಮೊಸರೆಲ್ಲಿ?” ಎಂದರು ವೈದ್ಯರು.

“ರಾತ್ರಿ ಮೊಸರು ತಿನ್ಬಾರ್ದು.”

“ಯಾರು ಹೇಳಿದ್ದು?”

“ನೀವೇ. ಇವತ್ತು ಸಂಜೆ. ಮೈಕಲ್ಲಿ.”

ಮಗ ಪ್ರಸನ್ನನ್‌ಗೆ ಅನ್ನ ನೆತ್ತಿಗೇರಿತು. ವಿದ್ಯುತ್ ಕಚೇರಿಯ ನೌಕರನಾದ ಅವನು ಭಾನುವಾರದ ಪಾಳಿಯ ನೆಪದಲ್ಲಿ ಭಾಷಣ ತಪ್ಪಿಸಿಕೊಂಡಿದ್ದ. “ಅಚ್ಚ, ಏನೇನು ಹೇಳಿದ್ರಿ ಅಲ್ಲಿ?” ಎಂದು ಕೆಮ್ಮುತ್ತಲೇ ಕೇಳಿದ.

“ನೀನು ನಗ್ಬೇಡ,” ಎಂದಳು ತಾಯಿ. “ಎಂಟರ ಮೇಲೆ ಈ ಅಡುಗೆಮನೆಗೆ ಬೀಗ. ವಾಲಿಬಾಲ್ ಆಡಿ ಹತ್ತಕ್ಕೆ ಬಂದು ಬಡಿಸು ಅಂದ್ರೆ ಬಡಿಸೋರಿಲ್ಲ.”

ವೈದ್ಯರು ಒಂದು ದಿನದ ಉತ್ಸಾಹವೆಂದು ಸುಮ್ಮನಾದರು. ಆದರೆ ಮರುದಿನ ಕಗ್ಗತ್ತಲಲ್ಲೇ ಯಾರೋ ಅವರ ಹೊದಿಕೆ ಎಳೆದರು.

“ಏಳಿ.”

“ಯಾರಿಗೇನಾಯ್ತು?”

“ಯಾರಿಗೂ ಏನೂ ಆಗಿಲ್ಲ. ಆಗಬಾರ್ದು ಅಂತಲೇ ಏಳಬೇಕಂತಲ್ಲ. ಎಣ್ಣೆ ಬೆಚ್ಚಗಾಗಿದೆ.”

ವೈದ್ಯರು ಎಂಟಕ್ಕೆ ಏಳುವವರು. ಊರಿಗೆ ಅದು ಗೊತ್ತಿದ್ದದ್ದರಿಂದಲೇ ರೋಗಿಗಳು ಒಂಬತ್ತರ ಮೇಲೆ ಬರುತ್ತಿದ್ದರು. ಆ ವಾರವಿಡೀ ಅವರು ಎಣ್ಣೆ ಹಚ್ಚಿಕೊಂಡು ಕತ್ತಲಲ್ಲಿ ಜಗಲಿಯ ಮೇಲೆ ಕೂತು ಬೆಳಕು ಹರಿಯುವುದನ್ನು ಕಾಯುತ್ತಿದ್ದರು. ಮಧ್ಯಾಹ್ನ ಊಟವಾಗಿ ಆರಾಮಕುರ್ಚಿಯ ಕಡೆ ನಡೆದರೆ ಅದರ ಮೇಲೆ ಒಣಗಲು ಹಾಕಿದ ಶುಂಠಿ. “ಹಗಲು ನಿದ್ದೆ ಕಫ,” ಎಂದು ಒಳಗಿನಿಂದ ಧ್ವನಿ. ಸಂಜೆ ಮೀನಿನ ಸಾರಿತ್ತು, ಹಾಗಾಗಿ ಹಾಲಿಲ್ಲದ ಚಹಾ. ಮೂರನೆಯ ಬಾರಿ ಅನ್ನ ಹಾಕಿಸಿಕೊಳ್ಳಲು ಕೈಚಾಚಿದರೆ, “ಗಾಳಿಗೆ ಜಾಗ ಇದೆಯಾ ನೋಡ್ಕೊಳ್ಳಿ.”

“ಭಾಷಣ ಬೇರೆ, ಮನೆ ಬೇರೆ, ದಾಕ್ಷಾಯಣೀ,” ಎಂದು ಅವರು ಒಂದು ದಿನ ಗದರಿದರು.

“ಹಾಗಾದ್ರೆ ಅಲ್ಲಿ ಹೇಳಿದ್ದು ಸುಳ್ಳಾ?”

“ಶಾಸ್ತ್ರ ಸುಳ್ಳಲ್ಲ.”

“ಮತ್ತೆ?”

“ಅದು... ಹೊಸಬರಿಗೆ.”

“ನಾನೂ ಹೊಸಬಳೇ ಅಲ್ವಾ. ಈ ಮನೇಲಿ ಇಷ್ಟು ವರ್ಷ ಇದ್ರೂ ಯಾರು ಹೇಳಿದ್ರು ನನಗೆ ಇದನ್ನೆಲ್ಲ?”

ಎರಡನೆಯ ಭಾನುವಾರ ವೈದ್ಯರು ಎಚ್ಚರವಾಗಿದ್ದರು. ಊಟ ನಿದ್ರೆಗಳ ಸುದ್ದಿಗೆ ಹೋಗದೆ, ತಡೆಯಬಾರದ ವೇಗಗಳು ಎಂಬ ವಿಷಯ ಎತ್ತಿಕೊಂಡರು. ಮಲ, ಮೂತ್ರ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ರೆ, ಕಣ್ಣೀರು, ಇವು ಬಂದಾಗ ಬಲವಂತವಾಗಿ ತಡೆದರೆ ದೇಹ ಕೆಡುತ್ತದೆ ಎಂದರು. ತಡೆಯಬೇಕಾದ ವೇಗಗಳೂ ಇವೆ, ಅವು ಕೋಪ, ಲೋಭ, ಹೊಟ್ಟೆಕಿಚ್ಚು ಎಂದೂ ಹೇಳಿದರು. ಆದರೆ ಹನ್ನೆರಡು ವರ್ಷದ ಅನಘ ಮೊದಲಿನ ಅರ್ಧ ಮಾತ್ರ ಮನೆಗೆ ತಂದಳು.

ರಾತ್ರಿ ಊಟದ ನಡುವೆ ಅವಳು ಗೋಡೆ ನಡುಗುವಂತೆ ತೇಗಿದಳು.

“ಏಯ್!” ಎಂದಳು ತಾಯಿ ಷೈಜ.

“ತಡೀಬಾರ್ದಂತೆ ಅಮ್ಮ. ಅಚ್ಚಾಚ್ಚನೇ ಹೇಳಿದ್ದು. ಅಲ್ವಾ ಅಚ್ಚಾಚ್ಚ?”

ಅಜ್ಜ ಹುಳಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಮಾರನೆಯ ಬೆಳಗ್ಗೆ ಅನಘ ಶಾಲೆಯ ಬಸ್ಸು ಹಾರ್ನ್ ಹೊಡೆದರೂ ಏಳಲಿಲ್ಲ. ನಿದ್ರೆಯೂ ತಡೆಯಬಾರದ ವೇಗವೆಂದು ಹೊದಿಕೆಯ ಒಳಗಿನಿಂದಲೇ ವಾದಿಸಿದಳು. ಷೈಜ ಪೇಟೆಯ ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅವಳಿಗೂ ಅದೇ ಹೊತ್ತಿಗೆ ಬಸ್ಸು.

“ಅಚ್ಚ, ಮುಂದಿನ ವಾರ ದಯವಿಟ್ಟು ಬೇರುಗಳ ಬಗ್ಗೆ ಮಾತಾಡಿ,” ಎಂದು ಮಾವನಿಗೆ ಕೈಮುಗಿದು ಓಡಿದಳು.

ಅಷ್ಟರಲ್ಲಿ ಸುದ್ದಿ ಮನೆಯಿಂದ ಹೊರಗೆ ಹಬ್ಬಿತ್ತು. ವೈದ್ಯರ ಮನೆಯಲ್ಲೇ ವೈದ್ಯರಿಗೆ ಪಥ್ಯವಂತೆ ಎಂದು ಹೆಂಗಸರು ಬಾವಿಕಟ್ಟೆಯಲ್ಲಿ, ಗಂಡಸರು ಬಸ್ಸಿನಲ್ಲಿ ಮಾತಾಡಿಕೊಂಡರು. ವೈದ್ಯರಿಗೆ ಅದು ತಿಳಿದದ್ದು ಮೊಯ್ದೀನ್‌ಕುಟ್ಟಿಯ ಚಹಾ ಅಂಗಡಿಯಲ್ಲಿ. ಮಧ್ಯಾಹ್ನದ ನಿದ್ರೆಯೂ ಇಲ್ಲದೆ, ರೋಗಿಯನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಅಲ್ಲಿಗೆ ಹೋಗಿದ್ದರು. ಗಾಜಿನ ಪೆಟ್ಟಿಗೆಯೊಳಗೆ ನೇಂದ್ರಬಾಳೆಯ ಬಜ್ಜಿ ಬಿಸಿಬಿಸಿಯಾಗಿ ಹೊಳೆಯುತ್ತಿತ್ತು.

“ಎರಡು ಬಜ್ಜಿ, ಒಂದು ಚಹಾ.”

ಮೊಯ್ದೀನ್‌ಕುಟ್ಟಿ ಕದಲಲಿಲ್ಲ. “ವೈದ್ಯರೇ, ಬಾಳೆಹಣ್ಣು ಹಾಲು ವಿರುದ್ಧ. ಚಹಾನಾ, ಬಜ್ಜಿನಾ, ಒಂದು ಹೇಳಿ.”

“ನೀನೂ ಬಂದಿದ್ಯೇನೋ ಭಾಷಣಕ್ಕೆ?”

“ನನ್ನ ಬೀವಿ ಬಂದಿದ್ಲು. ಮನೇಲಿ ನಮಗೂ ಮೊಸರಿಲ್ಲ.” ಅವನು ಧ್ವನಿ ತಗ್ಗಿಸಿದ. “ಅಲ್ಲ, ಮಧ್ಯಾಹ್ನದ ಊಟ ಅರಗಿದೆಯಾ ನಿಮಗೆ? ಅರಗದೆ ಕೊಟ್ರೆ ನಾಳೆ ಅಂಗಡೀಗೇ ಕೆಟ್ಟ ಹೆಸರು.”

ಬೆಂಚಿನ ಮೇಲಿದ್ದವರೆಲ್ಲ ವೈದ್ಯರ ಹೊಟ್ಟೆಯನ್ನೇ ನೋಡುತ್ತಿದ್ದರು. ಅವರು ಬರಿಯ ಚಹಾ ಕುಡಿದು ಎದ್ದರು.

ಅಂದು ಸಂಜೆ ಪ್ರಸನ್ನನ್ ಸ್ಕೂಟರಿನ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣ ಇಟ್ಟುಕೊಂಡು ಬಂದು, ನೇರ ಹಿತ್ತಲಿನ ಔಷಧದ ಕೊಟ್ಟಿಗೆಗೆ ಹೋದ. ಒಳಗೆ ತಂದೆ ಭರಣಿಗಳ ನಡುವೆ ಸುಮ್ಮನೆ ಕೂತಿದ್ದರು. ಅಪ್ಪ ಮಗ ಒಬ್ಬರನ್ನೊಬ್ಬರು ನೋಡಿದರು.

“ಏನದು?”

“ಪರೋಟ. ಕೋಳಿ ಸಾರು.”

“ಬಾಗಿಲು ಹಾಕು.”

ಪ್ರಸನ್ನನ್‌ಗೆ ತಂದೆಯ ಜೊತೆ ಹೀಗೆ ಒಂದೇ ಎಲೆಯಲ್ಲಿ ಉಂಡ ನೆನಪೇ ಇರಲಿಲ್ಲ. ಇಬ್ಬರೂ ಅರಿಷ್ಟದ ಭರಣಿಗೆ ಒರಗಿ ಕೈ ತೊಳೆಯುವುದನ್ನೂ ಮರೆತು ತಿಂದರು. ವೈದ್ಯರು ಎರಡನೆಯ ಪರೋಟ ಹರಿಯುವಷ್ಟರಲ್ಲಿ ಕಿಟಕಿಯಲ್ಲಿ ಎರಡು ಜಡೆ ಕಂಡವು.

“ಅಚ್ಚಮ್ಮಾ ಅಂತ ಕೂಗ್ಲಾ?” ಎಂದಳು ಅನಘ, ಅಜ್ಜಿಯಿದ್ದ ಅಡುಗೆಮನೆಯ ಕಡೆ ಬೆರಳು ತೋರಿಸಿ.

“ಬೇಡ ಪುಟ್ಟೀ. ಒಳಗೆ ಬಾ.”

“ಕೋಳಿ ಕಾಲು ನನಗೆ.”

ವೈದ್ಯರು ಎಲುಬು ಚೀಪುತ್ತ ಯೋಚಿಸಿದರು. ಇದು ಹೀಗೆ ನಡೆಯುವುದಿಲ್ಲ. ಮೈಕಿನಿಂದ ಬಂದ ಸಂಕಟವನ್ನು ಮೈಕಿನಿಂದಲೇ ಕಳೆಯಬೇಕು. ಆ ವಾರವೆಲ್ಲ ಅವರು ಹಳೆಯ ಗ್ರಂಥಗಳನ್ನು ಹೊರಗೆ ತೆಗೆದು, ಮೊಕದ್ದಮೆಗೆ ಸಿದ್ಧವಾಗುವ ವಕೀಲನ ಹಾಗೆ ಓದಿದರು.

ಮೂರನೆಯ ಭಾನುವಾರ ವಾಚನಶಾಲೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಕೇರಂ ಹಲಗೆಯನ್ನೇ ಗೋಡೆಗೆ ಒರಗಿಸಿದ್ದರು. ವೈದ್ಯರು ಮೂರನೇ ಸಾಲಿನ ಮೇಲೆ ಕಣ್ಣಿಟ್ಟು ಶುರುಮಾಡಿದರು.

“ಕಳೆದೆರಡು ವಾರ ಹೇಳಿದ್ದನ್ನ ಕೆಲವರು ಅಕ್ಷರಶಃ ಹಿಡ್ಕೊಂಡಿದ್ದಾರೆ ಅಂತ ಕೇಳಿದೆ. ಆಯುರ್ವೇದ ಒಬ್ಬೊಬ್ಬರಿಗೂ ಬೇರೆ. ಒಬ್ಬನಿಗೆ ಅಮೃತ ಆದದ್ದು ಇನ್ನೊಬ್ಬನಿಗೆ ಆಗದು. ಅವರವರ ಪ್ರಕೃತಿ ನೋಡ್ಬೇಕು. ರೂಢಿಯನ್ನೂ ನೋಡ್ಬೇಕು. ಈಗ ಒಬ್ಬ ಮನುಷ್ಯನಿಗೆ ಚಿಕ್ಕಂದಿನಿಂದ ರಾತ್ರಿ ಮೊಸರು ಅಭ್ಯಾಸ ಅಂತ ಇಟ್ಕೊಳ್ಳಿ. ಸುಮ್ನೆ ಉದಾಹರಣೆಗೆ ಹೇಳಿದೆ.”

ಸಭೆ ಕಿಸಕ್ಕೆಂದಿತು.

“ಅವನಿಗೆ ಅದು ಒಗ್ಗಿ ಹೋಗಿರ್ತದೆ. ಒಂದೇ ದಿನ ಕಿತ್ಕೊಂಡ್ರೆ ದೇಹಕ್ಕೆ ಪೆಟ್ಟು. ಬಿಡಿಸಬೇಕಾದ್ರೂ ಸ್ವಲ್ಪ ಸ್ವಲ್ಪವಾಗಿ, ಕಾಲುಪಾಲು ಕಾಲುಪಾಲಾಗಿ ಬಿಡಿಸಬೇಕು. ಇದು ನನ್ನ ಮಾತಲ್ಲ, ಶಾಸ್ತ್ರದ ಮಾತು.”

ಹೀಗೆ ಅವರು ಹಗಲು ನಿದ್ರೆಗೂ ಮುದುಕರ ಹೆಸರಿನಲ್ಲಿ ಒಂದು ವಿನಾಯಿತಿ ಕೊಡಿಸಿ, ಬೆಳಗಿನ ಜಾವದ ಎಣ್ಣೆಯನ್ನು ಮೋಡದ ದಿನಗಳಿಗೆ ಸಡಿಲಿಸಿ, ಗೆದ್ದವರ ಹಾಗೆ ನೀರು ಕುಡಿದರು. ಪ್ರಶ್ನೆಯಿದ್ದರೆ ಕೇಳಬಹುದೆಂದು ಮೇಷ್ಟ್ರು ವಾಡಿಕೆಯಂತೆ ಹೇಳಿದರು. ಯಾವತ್ತೂ ಯಾರೂ ಕೇಳಿದವರಲ್ಲ.

ದಾಕ್ಷಾಯಣಿ ಎದ್ದು ನಿಂತಳು.

“ಪ್ರಕೃತಿ ಹೇಗೆ ಕಂಡುಹಿಡಿಯೋದು?”

ವೈದ್ಯರು ಸಭೆಯನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. “ಅದು... ಕೇಳಿ ತಿಳ್ಕೊಳ್ಳೋದು. ಹಸಿವು ಹೇಗೆ, ನಿದ್ರೆ ಹೇಗೆ, ಬಾಯಾರಿಕೆ, ಮಲಬದ್ಧತೆ... ಬಹಳ ಕೇಳ್ಬೇಕಾಗ್ತದೆ.”

“ನಂದು ಯಾವ ಪ್ರಕೃತಿ?”

ಹೊರಗೆ ನಿಂತವರು ಕಿಟಕಿಯೊಳಗೆ ತಲೆ ತೂರಿದರು.

“ಅದನ್ನ ಹಾಗೆ ಹೇಳೋಕಾಗಲ್ಲ. ಆಳನ್ನ ನೋಡ್ಬೇಕು.”

“ಇಷ್ಟು ವರ್ಷ ನೋಡಿದ್ದು ಸಾಲ್ದಾ?”

ಸಭೆ ಬಿದ್ದು ಬಿದ್ದು ನಕ್ಕಿತು. ವೈದ್ಯರೂ ನಗಬೇಕೆಂದು ಬಾಯಿ ತೆರೆದರು, ನಗು ಬರಲಿಲ್ಲ. ಯಾಕೆಂದರೆ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮೊಯ್ದೀನ್‌ಕುಟ್ಟಿಯ ಪ್ರಕೃತಿ ಗೊತ್ತಿತ್ತು, ಅವನ ಅಣ್ಣನದೂ ಗೊತ್ತಿತ್ತು. ಹೆಂಡತಿಗೆ ನಿದ್ರೆ ಬರುತ್ತದೋ ಇಲ್ಲವೋ, ಅವಳು ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಒಂದೂ ಗೊತ್ತಿರಲಿಲ್ಲ.

“ಪರೀಕ್ಷೆ ಮಾಡ್ಬೇಕು,” ಎಂದರು ಕೊನೆಗೆ.

“ಸರಿ. ನಾಳೆ ಬರ್ತೀನಿ,” ಎಂದು ಅವಳು ಕೂತಳು.

ಮಾತಿಗೆ ಹೇಳಿದ್ದೆಂದು ಎಲ್ಲರೂ ತಿಳಿದಿದ್ದರು. ಆದರೆ ಸೋಮವಾರ ವೈದ್ಯರು, ತಾವು ಬೇಗ ಏಳುವುದು ತಿಳಿದು ಏಳಕ್ಕೇ ಬರತೊಡಗಿದ್ದ ರೋಗಿಗಳನ್ನು ನೋಡಲು ಮುಂದಿನ ಜಗಲಿಗೆ ಬಂದಾಗ ಬೆಂಚಿನ ಮೇಲೆ ಮಂಡಿನೋವಿನ ಒಬ್ಬ ಮುದುಕನಿಗೂ ಕೆಮ್ಮಿನ ಕಲ್ಯಾಣಿಗೂ ನಡುವೆ ದಾಕ್ಷಾಯಣಿ ಕೂತಿದ್ದಳು. ಒಗೆದ ಮುಂಡು, ಕೈಯಲ್ಲಿ ಟೋಕನ್ ಬಿಲ್ಲೆ. ಹಿಂದಿನ ಬಾಗಿಲಿನಿಂದ ಹೊರಟು ಮನೆ ಸುತ್ತಿ ಗೇಟಿನಿಂದ ಒಳಗೆ ಬಂದಿದ್ದಳು.

“ಏನಿದು ಆಟ? ಒಳಗೆ ನಡಿ.”

“ನನ್ನ ಸರದಿ ಬರ್ಲಿ. ಇವರೆಲ್ಲ ಮೊದಲು ಬಂದೋರು.”

ಸರದಿ ಬಂದಾಗ ಅವಳು ರೋಗಿಯ ಸ್ಟೂಲಿನ ಮೇಲೆ ಕೂತಳು. ವೈದ್ಯರಿಗೆ ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, ಬಾಯಿಪಾಠವಾಗಿದ್ದ ಪ್ರಶ್ನೆಗಳನ್ನೇ ಕೇಳಿದರು.

“ಏನು ತೊಂದರೆ?”

“ಎದೆಯುರಿ. ಹುಳಿತೇಗು.”

“ಎಷ್ಟು ದಿನದಿಂದ?”

“ಪ್ರಸನ್ನನ ಮದುವೆ ಮುಂಚಿಂದ.”

ವೈದ್ಯರ ಕೈಯಲ್ಲಿದ್ದ ಪೆನ್ನು ನಿಂತಿತು. ಅನಘಳ ವಯಸ್ಸು ಅವರಿಗೆ ಗೊತ್ತಿತ್ತು.

“ಔಷಧ ಏನಾದ್ರೂ?”

“ಗುಲಾಬಿ ಬಣ್ಣದ್ದೊಂದು ಸಿರಪ್ಪು. ಷೈಜ ತಂದುಕೊಡ್ತಾಳೆ. ಅಕ್ಕಿ ಡಬ್ಬದಲ್ಲಿ ಇಟ್ಕೊಂಡಿದೀನಿ.”

ಬೆಂಚು ಉಸಿರು ಹಿಡಿದು ಕೇಳುತ್ತಿತ್ತು. ವೈದ್ಯರ ಮನೆಯ ಅಕ್ಕಿ ಡಬ್ಬದಲ್ಲಿ ಇಂಗ್ಲಿಷ್ ಔಷಧ! ಕೆಲಸಕ್ಕೆ ಹೊರಟಿದ್ದ ಷೈಜ ಬಾಗಿಲಲ್ಲೇ ನಿಂತಳು.

“ನಿನಗೂ ಗೊತ್ತಿತ್ತಾ?” ಎಂದು ಮಾವ ಕೇಳಿದರು.

“ಗೊತ್ತಿತ್ತು ಅಚ್ಚ. ಹೋದ ವರ್ಷ ಪೇಟೇಲಿ ಹೊಟ್ಟೆಯೊಳಗೆ ಕೊಳವೆ ಬಿಟ್ಟು ನೋಡಿಸಿದ್ದೂ ಆಯ್ತು. ಹುಣ್ಣೇನಿಲ್ಲ ಅಂದ್ರು. ಹೊತ್ತಿಗೆ ಸರಿಯಾಗಿ ಊಟ ಮಾಡೋಕೆ ಹೇಳಿದ್ರು.”

“ಪ್ರಸನ್ನನಿಗೆ?”

“ಅವರೇ ಸ್ಕೂಟರಲ್ಲಿ ಕರ್ಕೊಂಡು ಹೋಗಿದ್ದು.”

“ಮನೆಯವರಿಗೆಲ್ಲ ಗೊತ್ತು. ನನಗೊಬ್ಬನಿಗೆ ಯಾಕೆ ಹೇಳಲಿಲ್ಲ?”

“ವೈದ್ಯರ ಹೆಂಡ್ತಿಗೇ ವಾಸಿಯಾಗಲಿಲ್ಲ ಅಂತ ಊರಲ್ಲಿ ಆಡ್ಕೊಂಡ್ರೆ ನಿಮಗೇ ಅವಮಾನ ಅಲ್ವಾ,” ಎಂದಳು ದಾಕ್ಷಾಯಣಿ.

“ಸರಿ ಬಿಡಿ, ಊಟ ಎಷ್ಟು ಹೊತ್ತಿಗೆ ಅಂತ ಕೇಳಿ,” ಎಂದಳು ಬೆಂಚಿನಿಂದ ಕಲ್ಯಾಣಿ, ಕೆಮ್ಮನ್ನೂ ಮರೆತು. “ನನ್ನ ಹತ್ರ ಅದನ್ನೇ ಮೊದಲು ಕೇಳಿದ್ರಿ.”

ವೈದ್ಯರು ಕೇಳಿದರು.

“ನಿಮ್ಮ ಕೊನೇ ರೋಗಿ ಹೋಗಿ, ನೀವು ಉಂಡು, ಪಾತ್ರೆ ಎಲ್ಲ ಎತ್ತಿ ಆದ್ಮೇಲೆ. ಮೂರಾಗ್ತದೆ. ರಾತ್ರಿ ಪ್ರಸನ್ನ ಬಂದ್ಮೇಲೆ.”

“ಅಷ್ಟರವರೆಗೆ ಹಸಿವಾದ್ರೆ?”

“ತಡ್ಕೋತೀನಿ.”

ತಡೆಯಬಾರದ ವೇಗಗಳ ಪಟ್ಟಿ ಆ ಜಗಲಿಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಹಸಿವೂ ಅದರಲ್ಲಿತ್ತು.

“ನಾಲಿಗೆ ತೋರಿಸು,” ಎಂದರು ವೈದ್ಯರು ಮೆಲ್ಲಗೆ. ಅವಳು ನಾಲಿಗೆ ಚಾಚಿದಳು. ಆ ನಾಲಿಗೆ ಆಡಿದ್ದನ್ನು ಅವರು ಒಂದು ಜನ್ಮಕ್ಕಾಗುವಷ್ಟು ಕೇಳಿದ್ದರು, ನೋಡಿದ್ದು ಇದೇ ಮೊದಲು. ಬೆಳಕಿಗೆ ತಿರುಗಿಸಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಕೈ ಹಿಡಿದು ನೋಡಿದರು. ಹಿಡಿದ ಕೈಯನ್ನು ಬಿಡುವುದಕ್ಕೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತಾಯಿತು.

“ಪಿತ್ತ,” ಎಂದರು. “ಪಿತ್ತಪ್ರಕೃತಿ. ಹಸಿವು ತಡೆದೂ ತಡೆದೂ ಕೆರಳಿದೆ. ಔಷಧ ಕೊಡ್ತೀನಿ. ಆದ್ರೆ ಪಥ್ಯ ಮುಖ್ಯ. ಮನೇಲಿ ಎಲ್ಲರಿಗಿಂತ ಮೊದಲು, ಬಿಸಿಯಾಗಿ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ತಂಗಳು, ಹುಳಿ, ಖಾರ ಕೂಡದು. ಮತ್ತೆ...” ಎಂದು ಒಂದು ಕ್ಷಣ ತಡೆದರು. ಬೇರೆ ಯಾರೇ ಆಗಿದ್ದರೂ ಮುಂದಿನ ಮಾತು ಸರಾಗವಾಗಿ ಬರುತ್ತಿತ್ತು. “ಮೂರು ವಾರ ಬೆಂಕಿ ಮುಂದೆ ನಿಲ್ಲಬಾರದು.”

“ಹಾಗಾದ್ರೆ ಅಡುಗೆ ಯಾರು ಮಾಡೋದು?” ಎಂದ ಮಂಡಿನೋವಿನ ಮುದುಕ.

ಎಲ್ಲರೂ ವೈದ್ಯರನ್ನು ನೋಡಿದರು. ವೈದ್ಯರು ಬಾಗಿಲಲ್ಲಿ ನಿಂತ ಷೈಜಳನ್ನು ನೋಡಿದರು.

“ನನಗೆ ಎಂಟೂವರೆ ಬಸ್ಸು,” ಎಂದಳು ಷೈಜ.

ಹೀಗೆ ವೇಲಾಯುಧನ್ ವೈದ್ಯರು ಅಡುಗೆಮನೆ ಹೊಕ್ಕರು. ಅವರಿಗೆ ಗೊತ್ತಿದ್ದದ್ದು ಕಷಾಯದ ಲೆಕ್ಕ ಒಂದೇ. ಮೊದಲ ದಿನ ಕುಂಬಳಕಾಯಿಯ ಹೋಳುಗಳಿಗೆ ಹದಿನಾರು ಪಾಲು ನೀರೆರೆದು, ಕಾಲುಪಾಲಿಗೆ ಇಳಿಯುವವರೆಗೆ ಕುದಿಸಿದರು. ಮನೆಯವರು ರಾತ್ರಿ ಒಂಬತ್ತರವರೆಗೆ ಕಾದರು. ಇಳಿಸಿದಾಗ ಕುಂಬಳಕಾಯಿ ಪಾತ್ರೆಯಲ್ಲಿ ಇರಲಿಲ್ಲ.

“ಎಲ್ಲಿ ಹೋಯ್ತು?” ಎಂದು ಅನಘ ಸೌಟು ಹಾಕಿ ಹುಡುಕಿದಳು.

“ಸತ್ವವೆಲ್ಲ ನೀರಲ್ಲಿದೆ. ಕುಡಿ.”

ಎರಡನೆಯ ದಿನದಿಂದ ಷೈಜ ಬೆಳಗ್ಗೆ ಹೊರಡುವ ಮುನ್ನ ತರಕಾರಿ ಹೆಚ್ಚಿಟ್ಟಳು, ಪ್ರಸನ್ನನ್ ಎದ್ದು ತೆಂಗಿನಕಾಯಿ ತುರಿದ. ತುರಿಮಣೆಗೆ ಬೆರಳು ಕೊಟ್ಟು ಅರ್ಧ ಊರಿಗೆ ಕೇಳುವಂತೆ ಕೂಗಿಕೊಂಡ. ದಾಕ್ಷಾಯಣಿ ಶುಂಠಿ ತೆಗೆದು ಆರಾಮಕುರ್ಚಿಯಲ್ಲಿ ಕೂತು ಅಲ್ಲಿಂದಲೇ ಅಡುಗೆ ನಡೆಸಿದಳು.

“ಸೀದ ವಾಸನೆ ಬರ್ತಿದೆ.”

“ಬರ್ತಿಲ್ಲ.”

“ನನ್ನ ಮೂಗಿಗೆ ಬರ್ತಿದೆ. ಉರಿ ತಗ್ಗಿಸಿ.”

“ಏಯ್, ನೀನು ರೋಗಿ. ಸುಮ್ನೆ ಮಲಗು.”

ಎಲ್ಲಕ್ಕಿಂತ ಕಷ್ಟವಾದದ್ದು ಅವಳ ಊಟ. ಹೊತ್ತಿಗೆ ಸರಿಯಾಗಿ ಅವಳೊಬ್ಬಳಿಗೇ ಬಡಿಸಿ, ಉಳಿದವರು ಸುತ್ತ ನಿಂತು ಹಸಿದ ಕಣ್ಣಿನಿಂದ ನೋಡುತ್ತಿದ್ದರು. “ನೀವೂ ಕೂತ್ಕೊಳ್ರೋ, ನನಗೆ ನಾಚಿಕೆ ಆಗ್ತದೆ,” ಎಂದು ಅವಳು ತಟ್ಟೆ ಬಿಟ್ಟು ಏಳಲು ಹೋದರೆ, ವೈದ್ಯರು ಸೌಟು ಹಿಡಿದು ಅಡ್ಡ ನಿಂತರು. “ನಾವು ಹಸಿವು ತಡ್ಕೋತೀವಿ. ನೀನು ಮುಗಿಸು.” ಅವಳು ಕಣ್ಣು ಒರೆಸಿಕೊಂಡು ಮುಗಿಸಿದಳು. ಒಗ್ಗರಣೆಯ ಹೊಗೆ ಎಂದಳು. ಅವತ್ತು ಒಗ್ಗರಣೆಯೇ ಹಾಕಿರಲಿಲ್ಲ.

ನಾಲ್ಕನೆಯ ಭಾನುವಾರ ಸುರೇಂದ್ರನ್ ಮೇಷ್ಟ್ರು ಕರೆಯಲು ಬಂದಾಗ ವೈದ್ಯರು ಹೆಗಲ ಮೇಲಿನ ವಸ್ತ್ರದಲ್ಲಿ ಬಿಸಿ ಪಾತ್ರೆ ಇಳಿಸುತ್ತಿದ್ದರು. ಅವತ್ತಿನ ವಿಷಯ ಔಷಧಗಳ ತಯಾರಿಕೆ. ಸುಟ್ಟ ಹೆಬ್ಬೆರಳಿಗೆ ತುಪ್ಪ ಹಚ್ಚಿಕೊಂಡೇ ಮೈಕಿನ ಮುಂದೆ ನಿಂತು, ಸ್ವಲ್ಪ ಹೊತ್ತು ಚೂರ್ಣ, ಲೇಹ್ಯ ಎಂದೆಲ್ಲ ಹೇಳಿ ತಟ್ಟನೆ ನಿಲ್ಲಿಸಿದರು.

“ಮೊದಲ ವಾರ ನಾನು ದಿನಚರಿ ಹೇಳಿದೆ. ಎದ್ದ ಕೂಡಲೇ ಬೆಚ್ಚಗಿನ ಎಣ್ಣೆ, ಹೊತ್ತಿಗೆ ಬಿಸಿ ಊಟ. ಅದೆಲ್ಲ ಸರಿ. ಆದ್ರೆ ಒಬ್ಬ ಹಾಗೆ ಬದುಕಬೇಕಾದ್ರೆ ಇನ್ನೊಬ್ಬರು ಅವನಿಗಿಂತ ಮೊದಲೇ ಏಳಬೇಕು. ಅವರ ದಿನಚರಿ ಏನು ಅಂತ ನಾನು ಓದಿದ್ರಲ್ಲಿ ಎಲ್ಲೂ ಕಾಣಲಿಲ್ಲ. ಇವತ್ತಿಗೆ ಇಷ್ಟು ಸಾಕು. ಒಲೆ ಮೇಲೆ ಹೆಸರುಕಾಳು ಇಟ್ಟು ಬಂದಿದೀನಿ.”

ಗಂಡಸರು ಇದೆಂಥ ಭಾಷಣವೆಂದು ಮುಖ ಮುಖ ನೋಡಿಕೊಂಡರು. ಹೆಂಗಸರು ಚಪ್ಪಾಳೆ ತಟ್ಟಿದರು.

ಮೂರು ವಾರ ಕಳೆಯಿತು. ಅಕ್ಕಿ ಡಬ್ಬದಲ್ಲಿ ಸಿರಪ್ಪು ಹಾಗೇ ಉಳಿಯಿತು. ದಾಕ್ಷಾಯಣಿಯ ಕೆನ್ನೆ ತುಂಬಿಕೊಂಡಿತು, ರಾತ್ರಿ ಮಲಗಿದರೆ ಗೊರಕೆ ಬರುವಷ್ಟು ನಿದ್ರೆ ಬಂತು. ಮನೆಯವರೆಲ್ಲ ದಿನ ಎಣಿಸುತ್ತಿದ್ದರು. ಸೋಮವಾರ ಅಮ್ಮ ಅಡುಗೆಮನೆಗೆ ಬರುತ್ತಾಳೆಂದು ಪ್ರಸನ್ನನ್ ಮೀನನ್ನೂ ಹೇಳಿಟ್ಟಿದ್ದ.

ಸೋಮವಾರ ಬೆಳಗ್ಗೆ ದಾಕ್ಷಾಯಣಿ ಮತ್ತೆ ಗೇಟಿನಿಂದ ಒಳಗೆ ಬಂದು, ಬಿಲ್ಲೆ ತೆಗೆದುಕೊಂಡು ಕಲ್ಯಾಣಿಯ ಪಕ್ಕದಲ್ಲಿ ಕೂತಳು. ಸರದಿ ಬಂತು.

“ಹೇಗಿದೆ ಈಗ?” ಎಂದರು ವೈದ್ಯರು.

“ಪರವಾಗಿಲ್ಲ. ಆದ್ರೆ ಇನ್ನೂ ಸ್ವಲ್ಪ ಉರಿ ಇದೆ.”

“ಎಲ್ಲಿ?”

ಅವಳು ಹೊಕ್ಕುಳ ಮೇಲೆ ಕೈಯಿಟ್ಟಳು. ಆಮೇಲೆ ನೆನಪಾಗಿ ಎದೆಯ ಮೇಲಿಟ್ಟಳು.

ವೈದ್ಯರು ನಾಲಿಗೆ ನೋಡಿದರು. ಎಳೆಯ ಮಗುವಿನ ನಾಲಿಗೆಯ ಹಾಗೆ ಸ್ವಚ್ಛ, ಕೆಂಪು. ಕಣ್ಣು ನೋಡಿದರು, ಬಿಳಿ. ಕೈ ನೋಡಿದರು, ತಣ್ಣಗೆ. ಇಡೀ ಕೊಳತ್ತಾಣಿಯಲ್ಲಿ ಅವತ್ತು ಅವಳಷ್ಟು ಆರೋಗ್ಯವಂತರು ಇರಲಿಕ್ಕಿಲ್ಲ. ಅವರು ತಲೆಯೆತ್ತಿದರು. ದಾಕ್ಷಾಯಣಿ ಅಂಗಳದ ತುಳಸಿಯನ್ನು ನೋಡುತ್ತ ಕೂತಿದ್ದಳು.

ಅವರು ಗಂಭೀರವಾಗಿ ಗಂಟಲು ಸರಿಮಾಡಿಕೊಂಡರು.

“ಉರಿ ಪೂರ್ತಿ ಇಳಿದಿಲ್ಲ. ಬೇರು ಇನ್ನೂ ಒಳಗಿದೆ. ಇನ್ನು ಮೂರು ವಾರ ಬೆಂಕಿ ಮುಂದೆ ಹೋಗಬಾರದು.” ಬರೆದು ಸಹಿ ಹಾಕಿ ಚೀಟಿ ಕೊಟ್ಟರು.

“ಅಚ್ಚಾ!” ಎಂದು ಒಳಗಿನಿಂದ ಪ್ರಸನ್ನನ್ ಕೂಗಿಕೊಂಡ.

ದಾಕ್ಷಾಯಣಿ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಮನೆ ಸುತ್ತಿ ಹಿತ್ತಲ ಕಡೆ ಹೋದಳು. ಗೋಡೆಯ ಮೂಲೆ ತಿರುಗುವವರೆಗೆ ನಗು ಬಿಗಿಹಿಡಿದಿದ್ದಳೆಂದು ಆಮೇಲೆ ಅನಘ ಹೇಳಿದಳು.

ಮುಂದಿನ ಸರದಿ ಕಲ್ಯಾಣಿಯದು. ಅವಳು ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೂತಳು.

“ಕೆಮ್ಮು ಹೇಗಿದೆ?” ಎಂದರು ವೈದ್ಯರು.

“ಕೆಮ್ಮು ಹೋಯ್ತು ವೈದ್ಯರೇ. ಈಗ ಎದೆಯುರಿ ಶುರುವಾಗಿದೆ. ಔಷಧ ಏನೂ ಬೇಡ. ಚೀಟಿ ಒಂದು ಬರೆದುಕೊಡಿ, ನನ್ನ ಗಂಡನ ಹೆಸರಿಗೆ.”